ನಂಬಿಕೆ, ಪ್ರೀತಿ, ಸತ್ಕ್ರಿಯೆ: ಕ್ರೈಸ್ತ ಮುಕ್ತಿವಿಚಾರದ ಒಂದು ಜಿಜ್ಞಾಸೆ

ಮಿಶನರಿಗಳ ಕನ್ನಡ ಕೆಲಸವನ್ನು ಕುರಿತು ಬರೆಯುವ ನಮ್ಮ ವಿದ್ಯಾರ್ಥಿಗಳೂ ವಿದ್ವಾಂಸರೂ ಸಾಮಾನ್ಯವಾಗಿ ಎರಡು ನಿಲುವುಗಳಲ್ಲಿ ಒಂದನ್ನು ತಳೆಯುತ್ತಾರೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು, ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು, ಫರ್ಡಿನೆಂಡ್ ಕಿಟ್ಟೆಲ್ ದಶಕಗಳ ದುಡಿಮೆಯ ಫಲವಾದ ನಿಘಂಟನ್ನು 1894ರಲ್ಲಿ ಹೊರತಂದದ್ದು, ಇವೆಲ್ಲ ಸ್ವರ್ಗಪ್ರಾಪ್ತಿಗಾಗಿ ಮಾಡಿದ ಪುಣ್ಯಕಾರ್ಯಗಳೆಂಬುದು ಒಂದು ನಿಲುವು. ಮತಾಂತರದ ಗಾಳಕ್ಕೆ ಸಿಕ್ಕಿಸಿದ ಎರೆಯೆಂಬುದು ಇನ್ನೊಂದು. ಮೊದಲನೆಯದು ಮೆಚ್ಚಿಕೆಯ ಮಾತು, ಎರಡನೆಯದು ಆಕ್ಷೇಪದ ಮಾತು. ಆದರೆ ಎರಡಕ್ಕೂ ತಳದಲ್ಲಿರುವ ಗ್ರಹಿಕೆ ಒಂದೇ: ಸತ್ಕ್ರಿಯೆಯೆಂಬುದು ಯಾವುದಾದರೊಂದು ಲಾಭಕ್ಕಾಗಿ ತೆತ್ತ ಬೆಲೆ. ಆ ಲಾಭ ಪರಲೋಕದ್ದೋ ಇಹಲೋಕದ್ದೋ ಎಂಬುದಷ್ಟೇ ಭೇದ.

ಈ ಗ್ರಹಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸಬೇಕಾದರೆ ಕ್ರೈಸ್ತಧರ್ಮದೊಳಗೇ ಶತಮಾನಗಳ ಕಾಲ ನಡೆದುಬಂದ ಒಂದು ವಾದವನ್ನು ನೋಡಬೇಕಾಗುತ್ತದೆ. ಮನುಷ್ಯನ ರಕ್ಷಣೆಗೆ ನಂಬಿಕೆಯೊಂದೇ ಸಾಕೆ? ಪ್ರೀತಿಯ ಸ್ಥಾನವೇನು? ಸತ್ಕ್ರಿಯೆಗಳಿಂದ ಏನಾಗುತ್ತದೆ? ಈ ಪ್ರಶ್ನೆಗಳು ದೇವತಾಶಾಸ್ತ್ರಜ್ಞರಿಗೆ ಸೇರಿದವು, ಸಾಹಿತ್ಯದ ಅಭ್ಯಾಸಿಗೆ ಇವುಗಳಿಂದೇನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ಶರಣರ ಷಟ್‌ಸ್ಥಲವನ್ನು ಅರಿಯದೆ ವಚನಗಳನ್ನೂ ದ್ವೈತದ ತಾರತಮ್ಯವನ್ನು ಅರಿಯದೆ ದಾಸರ ಪದಗಳನ್ನೂ ಪಾಠ ಹೇಳಲಾಗದೆಂದು ಒಪ್ಪುವ ನಾವು ಕಿಟ್ಟೆಲ್ಲರ ‘ಕಥಾಮಾಲೆ’ಗೂ ಗೋವಿಂದ ಪೈಗಳ ‘ಗೊಲ್ಗೊಥಾ’ಕ್ಕೂ ಅದೇ ನ್ಯಾಯವನ್ನು ಅನ್ವಯಿಸಬೇಡವೆ?

ಮೊದಲು ಪದಗಳ ವಿಚಾರ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಪಿಸ್ತಿಸ್’ ಎಂಬ ಪದವಿದೆ. ಇದಕ್ಕೆ ಕನ್ನಡದ ಪ್ರಾಟೆಸ್ಟಂಟ್ ಪರಂಪರೆಯಲ್ಲಿ ‘ನಂಬಿಕೆ’ ಎಂದೂ ಕ್ಯಾಥೊಲಿಕ್ ಪರಂಪರೆಯಲ್ಲಿ ‘ವಿಶ್ವಾಸ’ ಎಂದೂ ಬಳಕೆಯಾಗುತ್ತ ಬಂದಿದೆ. ಮೇಲ್ನೋಟಕ್ಕೆ ಇವು ಪರ್ಯಾಯಪದಗಳು. ಆದರೆ ಕನ್ನಡದ ಕಿವಿಗೆ ಇವುಗಳ ಧ್ವನಿ ಬೇರೆ ಬೇರೆ. ‘ನಂಬು’ ಎಂಬ ಧಾತುವಿನಲ್ಲಿ ಆತುಕೊಳ್ಳುವ, ಭಾರವನ್ನು ಇನ್ನೊಬ್ಬರ ಮೇಲೆ ಹಾಕುವ ಅರ್ಥ ಪ್ರಧಾನವಾದದ್ದು. ಮಳೆಯನ್ನು ನಂಬಿ ಬಿತ್ತುತ್ತೇವೆ. ಆಳನ್ನು ನಂಬಿ ಮನೆ ಬಿಟ್ಟು ಹೋಗುತ್ತೇವೆ. ‘ವಿಶ್ವಾಸ’ವೆಂಬ ಸಂಸ್ಕೃತ ಪದವಾದರೋ ಕನ್ನಡಕ್ಕೆ ಬಂದ ಮೇಲೆ ಅಕ್ಕರೆಯ ಅರ್ಥವನ್ನೂ ತಾಳಿತು. ‘ಅವರಿಗೆ ನಮ್ಮ ಮೇಲೆ ಬಹಳ ವಿಶ್ವಾಸ’ ಎಂದಾಗ ನಾವು ಹೇಳುವುದು ಅವರ ಭರವಸೆಯನ್ನಷ್ಟೇ ಅಲ್ಲ, ಅವರ ಪ್ರೀತಿಯನ್ನು. ‘ಪ್ರೀತಿವಿಶ್ವಾಸ’ ಎಂಬ ಜೋಡುನುಡಿ ಇದಕ್ಕೆ ಸಾಕ್ಷಿ.

ಇದೇ ಬಗೆಯ ಇನ್ನೊಂದು ಜೋಡಿಯಿದೆ. ದೇವರು ಪಾಪಿಯನ್ನು ಅಂಗೀಕರಿಸುವ ಕ್ರಿಯೆಗೆ ಪೌಲನು ಬಳಸುವ ಗ್ರೀಕ್ ಪದ ನ್ಯಾಯಾಲಯಕ್ಕೆ ಸಂಬಂಧಿಸಿದ್ದು. ಪ್ರಾಟೆಸ್ಟಂಟ್ ಕನ್ನಡದಲ್ಲಿ ಅದು ‘ನೀತಿವಂತನೆಂದು ನಿರ್ಣಯಿಸುವುದು’ ಎಂದಾಯಿತು. ತೀರ್ಪಿನ ಛಾಯೆ ಹಾಗೆಯೇ ಉಳಿಯಿತು. ಇತ್ತೀಚಿನ ಕ್ಯಾಥೊಲಿಕ್ ಅನುವಾದದಲ್ಲಿ ‘ಸತ್ಸಂಬಂಧ’ ಎಂಬ ಪದ ಬಂದಿತು. ತೀರ್ಪಿನ ಜಾಗದಲ್ಲಿ ನಂಟು ನೆಲೆಗೊಂಡಿತು. ಅನುವಾದಕರು ಹದಿನಾರನೆಯ ಶತಮಾನದ ವಾದಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಈ ಪದಗಳನ್ನು ಆರಿಸಿದರೆಂದು ನಾನು ಹೇಳುತ್ತಿಲ್ಲ. ಆದರೆ ಯೂರೋಪಿನ ಆ ವಾದದ ಎರಡು ಒಲವುಗಳು ಕನ್ನಡದ ಈ ಪದಗಳಲ್ಲಿ ಪ್ರತಿಫಲಿಸಿರುವುದನ್ನು ಭಾಷಾಭ್ಯಾಸಿ ಗಮನಿಸದಿರಲಾರ.

ತೊಡಕಿರುವುದು ಮೂರನೆಯ ಪದದಲ್ಲಿ. ಗ್ರೀಕಿನ ‘ಎರ್ಗೋನ್’ ಎಂಬುದಕ್ಕೆ ‘ಕ್ರಿಯೆ’, ‘ಸತ್ಕಾರ್ಯ’ ಮುಂತಾದ ಪದಗಳು ಬಳಕೆಯಲ್ಲಿವೆ. ಇವನ್ನು ಓದಿದೊಡನೆ ನಮ್ಮ ಮನಸ್ಸು ಕರ್ಮಸಿದ್ಧಾಂತದ ಕಡೆಗೆ ವಾಲುತ್ತದೆ. ಒಳ್ಳೆಯ ಕೆಲಸ ಮಾಡಿದವನು ‘ಪುಣ್ಯ ಕಟ್ಟಿಕೊಂಡ’ ಎನ್ನುತ್ತೇವೆ. ಇಲ್ಲಿಂದ ಭಕ್ತಿಮಾರ್ಗಕ್ಕೆ ಪ್ರಾಟೆಸ್ಟಂಟರು, ಕರ್ಮಮಾರ್ಗಕ್ಕೆ ಕ್ಯಾಥೊಲಿಕರು ಎಂಬ ಸುಲಭ ವಿಂಗಡಣೆಗೆ ಒಂದೇ ಹೆಜ್ಜೆ. ಆ ಹೆಜ್ಜೆಯನ್ನು ಇಡಬಾರದು. ಕರ್ಮಫಲವು ಕರ್ತೃವನ್ನು ತಪ್ಪದೆ ಹಿಂಬಾಲಿಸುವಂಥದು. ಪೌಲನಿಗೆ ರಕ್ಷಣೆಯೆಂಬುದು ಕೂಲಿಯಂತೆ ಸಲ್ಲಬೇಕಾದ ಬಾಕಿಯೇ ಅಲ್ಲ, ಕೊಡುವವನ ಔದಾರ್ಯದಿಂದ ಬರುವ ದಾನ. ಈ ಮೂಲಪ್ರತಿಜ್ಞೆಯಲ್ಲಿ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಭಿನ್ನಾಭಿಪ್ರಾಯವಿಲ್ಲ.

ಹಾಗಾದರೆ ಭಿನ್ನಾಭಿಪ್ರಾಯ ಎಲ್ಲಿ ಹುಟ್ಟಿತು? ಹೊಸ ಒಡಂಬಡಿಕೆಯಲ್ಲಿಯೇ ಅದರ ಬೀಜವಿದೆ. ಪೌಲನು ರೋಮಿನವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ, ಧರ್ಮಶಾಸ್ತ್ರವು ವಿಧಿಸಿದ ಕ್ರಿಯೆಗಳಿಂದ ಯಾರೂ ದೇವರ ಮುಂದೆ ನೀತಿವಂತರಾಗಲಾರರು, ನಂಬಿಕೆಯಿಂದಲೇ ಆಗಬೇಕು ಎಂದು ವಾದಿಸುತ್ತಾನೆ. ಯಾಕೋಬನ ಹೆಸರಿನ ಪತ್ರವಾದರೋ ಬರಿಯ ನಂಬಿಕೆಯಿಂದ ಆಗದು, ಕ್ರಿಯೆಗಳೂ ಬೇಕು ಎನ್ನುತ್ತದೆ. ಇನ್ನೂ ಕುತೂಹಲದ ಸಂಗತಿಯೆಂದರೆ, ಇಬ್ಬರೂ ಕೊಡುವ ನಿದರ್ಶನ ಒಂದೇ: ಪಿತೃವಾದ ಅಬ್ರಹಾಮ. ಆದರೆ ಅವನ ಜೀವನದ ಘಟ್ಟಗಳು ಬೇರೆ. ಮಕ್ಕಳಿಲ್ಲದ ಮುದುಕ ಅಬ್ರಹಾಮ ನಕ್ಷತ್ರಗಳಷ್ಟು ಸಂತಾನವಾಗುವುದೆಂಬ ದೇವರ ಮಾತನ್ನು ನಂಬಿದ ಪ್ರಸಂಗವನ್ನು ಪೌಲ ಹಿಡಿಯುತ್ತಾನೆ. ಹುಟ್ಟಿದ ಮಗ ಇಸಾಕನನ್ನೇ ಬಲಿಪೀಠದ ಮೇಲೆ ಅರ್ಪಿಸಹೊರಟ ಪ್ರಸಂಗವನ್ನು ಯಾಕೋಬ ಹಿಡಿಯುತ್ತಾನೆ. ಆದಿಕಾಂಡದಲ್ಲಿ ಮೊದಲನೆಯದು ಹದಿನೈದನೆಯ ಅಧ್ಯಾಯದಲ್ಲಿದೆ, ಎರಡನೆಯದು ಇಪ್ಪತ್ತೆರಡನೆಯದರಲ್ಲಿ. ಒಬ್ಬನು ನಂಬಿಕೆಯ ಮೊಳಕೆಯನ್ನೂ ಇನ್ನೊಬ್ಬನು ಅದರ ಫಲವನ್ನೂ ತೋರಿಸುತ್ತಿದ್ದಾನೆ.

ಅವರ ಎದುರಾಳಿಗಳೂ ಬೇರೆ. ಅನ್ಯಜನರು ಕ್ರಿಸ್ತನ ಸಮುದಾಯಕ್ಕೆ ಸೇರಬೇಕಾದರೆ ಸುನ್ನತಿ ಮೊದಲಾದ ವಿಧಿಗಳನ್ನು ಸ್ವೀಕರಿಸಲೇಬೇಕೆಂದು ಹಟ ಹಿಡಿದವರಿಗೆ ಪೌಲ ಉತ್ತರ ಕೊಡುತ್ತಿದ್ದಾನೆ. ಬಟ್ಟೆಯಿಲ್ಲದೆ ಹಸಿದು ಬಂದವನಿಗೆ ಏನನ್ನೂ ಕೊಡದೆ ಸಮಾಧಾನದ ಮಾತಾಡಿ ಕಳುಹಿಸುವವರನ್ನು ಯಾಕೋಬ ತರಾಟೆಗೆ ತೆಗೆದುಕೊಳ್ಳುತ್ತಿದ್ದಾನೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂಬ ಅವನ ವ್ಯಂಗ್ಯ ಪ್ರಸಿದ್ಧವಾದುದು. ಕನ್ನಡದಲ್ಲಿ ಈ ಭೇದವನ್ನು ತೋರಿಸುವುದು ಸುಲಭ. ‘ದೇವರಿದ್ದಾನೆಂದು ನಂಬುವುದು’ ಬೇರೆ, ‘ದೇವರನ್ನು ನಂಬುವುದು’ ಬೇರೆ. ಮೊದಲನೆಯದು ಅಭಿಪ್ರಾಯ, ಎರಡನೆಯದು ಬಾಳಿನ ಭಾರವನ್ನು ಒಪ್ಪಿಸಿಕೊಡುವ ಸಂಬಂಧ. ಯಾಕೋಬನು ಸತ್ತದ್ದೆಂದು ಕರೆಯುವುದು ಮೊದಲನೆಯದನ್ನು. ಪೌಲನು ಸಾಕೆಂದು ಹೇಳುವುದು ಎರಡನೆಯದನ್ನು.

ಪ್ರೀತಿಯ ಸ್ಥಾನವನ್ನು ತಿಳಿಯಲು ಲೂಕನ ಸುವಾರ್ತೆಯ ಏಳನೆಯ ಅಧ್ಯಾಯದ ಒಂದು ಪ್ರಸಂಗ ಸಹಾಯಕವಾಗುತ್ತದೆ. ಸೀಮೋನನೆಂಬ ಫರಿಸಾಯನ ಮನೆಯಲ್ಲಿ ಯೇಸು ಊಟಕ್ಕೆ ಕುಳಿತಿದ್ದಾಗ ಊರಿಗೆಲ್ಲ ಪಾಪಿಯೆಂದು ಗೊತ್ತಿದ್ದ ಒಬ್ಬ ಹೆಂಗಸು ಒಳಬರುತ್ತಾಳೆ. ಕಣ್ಣೀರಿನಿಂದ ಅವನ ಪಾದಗಳನ್ನು ತೊಯಿಸಿ, ತಲೆಗೂದಲಿನಿಂದ ಒರಸಿ, ಸುಗಂಧತೈಲವನ್ನು ಹಚ್ಚುತ್ತಾಳೆ. ಮುಖ ಸಿಂಡರಿಸಿದ ಆತಿಥೇಯನಿಗೆ ಯೇಸು ಇಬ್ಬರು ಸಾಲಗಾರರ ದೃಷ್ಟಾಂತವನ್ನು ಹೇಳುತ್ತಾನೆ. ಒಬ್ಬನ ಸಾಲ ಐನೂರು ನಾಣ್ಯ, ಇನ್ನೊಬ್ಬನದು ಐವತ್ತು. ತೀರಿಸಲಾರದ ಇಬ್ಬರ ಸಾಲವನ್ನೂ ಧಣಿ ಬಿಟ್ಟುಕೊಟ್ಟ. ಯಾರಿಗೆ ಅವನ ಮೇಲೆ ಹೆಚ್ಚು ಪ್ರೀತಿ? ಆಮೇಲೆ, ಈಕೆಯ ಅನೇಕ ಪಾಪಗಳು ಕ್ಷಮಿಸಲ್ಪಟ್ಟಿವೆ, ಬಹಳವಾಗಿ ಪ್ರೀತಿಸಿದ್ದರಿಂದ ಎಂಬ ತಾತ್ಪರ್ಯದ ಮಾತು ಬರುತ್ತದೆ. ಆದರೆ ಅವಳನ್ನು ಬೀಳ್ಕೊಡುವಾಗ, ನಿನ್ನನ್ನು ರಕ್ಷಿಸಿದ್ದು ನಿನ್ನ ನಂಬಿಕೆ ಎನ್ನುತ್ತಾನೆ.

ಹಾಗಾದರೆ ಅವಳನ್ನು ಉಳಿಸಿದ್ದು ಯಾವುದು? ಪ್ರೀತಿಯೋ, ನಂಬಿಕೆಯೋ? ‘ಪ್ರೀತಿಸಿದ್ದರಿಂದ’ ಎಂಬುದರಲ್ಲಿರುವ ಹೇತುವಾಚಕದ ಮೇಲೆ ಇಡೀ ಪ್ರಸಂಗದ ಅರ್ಥ ನಿಂತಿದೆ. ನಮ್ಮ ಶಾಸ್ತ್ರಪರಂಪರೆ ಹೇತುವನ್ನು ಕಾರಕಹೇತು, ಜ್ಞಾಪಕಹೇತು ಎಂದು ವಿಂಗಡಿಸುತ್ತದೆ. ಬೆಂಕಿಯಿರುವುದರಿಂದ ಹೊಗೆ ಎಂಬಲ್ಲಿ ಬೆಂಕಿ ಹೊಗೆಯನ್ನು ಹುಟ್ಟಿಸುವ ಕಾರಕಹೇತು. ಹೊಗೆಯಿರುವುದರಿಂದ ಬೆಂಕಿಯಿದೆ ಎಂಬಲ್ಲಿ ಹೊಗೆ ಬೆಂಕಿಯನ್ನು ತಿಳಿಸಿಕೊಡುವ ಜ್ಞಾಪಕಹೇತು. ಎರಡು ವಾಕ್ಯಗಳಲ್ಲಿಯೂ ಪ್ರತ್ಯಯ ಒಂದೇ, ಸಂಬಂಧ ತದ್ವಿರುದ್ಧ. ಗ್ರೀಕ್ ಮೂಲದ ಅವ್ಯಯಕ್ಕೂ ಈ ಎರಡೂ ಅರ್ಥಗಳು ಸಲ್ಲುತ್ತವೆ. ದೃಷ್ಟಾಂತವನ್ನು ಆಧಾರವಾಗಿಟ್ಟುಕೊಂಡರೆ ನಿರ್ಣಯ ಕಷ್ಟವಲ್ಲ. ಅಲ್ಲಿ ಸಾಲ ಬಿಡುಗಡೆಯಾದದ್ದು ಮೊದಲು, ಪ್ರೀತಿ ಹುಟ್ಟಿದ್ದು ಆಮೇಲೆ. ಆದ್ದರಿಂದ ಹೆಂಗಸಿನ ಪ್ರೀತಿ ಕ್ಷಮೆಯನ್ನು ಕೊಂಡದ್ದಲ್ಲ. ಕ್ಷಮೆ ದೊರೆತಿದೆಯೆಂಬುದನ್ನು ಅದು ಸಾರುತ್ತಿದೆ. ಕಣ್ಣೀರು, ತೈಲ, ಉಪಚಾರ ಎಂಬ ಕ್ರಿಯೆಗಳು ಆ ಪ್ರೀತಿಯನ್ನು ಸಾರುತ್ತಿವೆ. ದಾನ, ನಂಬಿಕೆ, ಪ್ರೀತಿ, ಕ್ರಿಯೆ ಎಂಬುದು ಹುಟ್ಟಿನ ಕ್ರಮ. ಹೊರಗಿನಿಂದ ನೋಡುವವನಿಗೆ ಕಾಣುವ ಕ್ರಮ ಇದರ ವಿಲೋಮ.

ಈ ಬೆಳಕಿನಲ್ಲಿ ಹದಿನಾರನೆಯ ಶತಮಾನದ ಕಲಹವನ್ನು ನೋಡಬೇಕು. ಪಾಪದ ದಂಡನೆಯನ್ನು ತಗ್ಗಿಸುವ ಪತ್ರಗಳನ್ನು ಹಣಕ್ಕೆ ಮಾರುವ ಪದ್ಧತಿಯ ವಿರುದ್ಧ ಮಾರ್ಟಿನ್ ಲೂಥರ್ 1517ರಲ್ಲಿ ತನ್ನ 95 ಪ್ರಮೇಯಗಳನ್ನು ಮುಂದಿಟ್ಟ. ಆ ಹಣದ ಒಂದು ಪಾಲು ರೋಮಿನ ಸಂತ ಪೇತ್ರರ ಮಹಾದೇವಾಲಯದ ನಿರ್ಮಾಣಕ್ಕೆ ಹೋಗುತ್ತಿತ್ತು. 1522ರ ತನ್ನ ಜರ್ಮನ್ ಅನುವಾದದಲ್ಲಿ, ರೋಮಿನವರಿಗೆ ಬರೆದ ಪತ್ರದ ವಾಕ್ಯವೊಂದಕ್ಕೆ ಮೂಲದಲ್ಲಿಲ್ಲದ ‘ಮಾತ್ರ’ ಎಂಬರ್ಥದ ಪದವನ್ನು ಅವನು ಸೇರಿಸಿದ. ಎದುರಾಳಿಗಳು ಆಕ್ಷೇಪಿಸಿದಾಗ, ಎರಡರಲ್ಲಿ ಒಂದನ್ನು ನಿಷೇಧಿಸಿ ಇನ್ನೊಂದನ್ನು ಹೇಳುವಾಗ ಜರ್ಮನ್ ನುಡಿಯ ಜಾಯಮಾನವೇ ಆ ಪದವನ್ನು ಬೇಡುತ್ತದೆಂದು 1530ರಲ್ಲಿ ಸಮರ್ಥಿಸಿಕೊಂಡ. ಕನ್ನಡಿಗರಾದ ನಮಗೆ ಈ ಸಮರ್ಥನೆ ಅಪರಿಚಿತವಲ್ಲ. ‘ಹಣದಿಂದಲ್ಲ, ಗುಣದಿಂದಲೇ’ ಎನ್ನುವಾಗ ನಮ್ಮ ಅವಧಾರಣೆಯ ಏಕಾರ ಮಾಡುವ ಕೆಲಸವೂ ಅದೇ. ಆದರೂ ‘ನಂಬಿಕೆ ಮಾತ್ರ’ ಎಂಬ ಪದಪುಂಜ ಗ್ರೀಕ್ ಮೂಲದಲ್ಲಿ ಬರುವುದು ಯಾಕೋಬನ ಪತ್ರದಲ್ಲಿ ಮಾತ್ರವೆಂಬುದನ್ನೂ, ಅಲ್ಲಿ ಅದು ನಿಷೇಧಕ್ಕೆ ಒಳಗಾಗಿದೆಯೆಂಬುದನ್ನೂ ಮರೆಯುವಂತಿಲ್ಲ.

ಲೂಥರ್ ಸತ್ಕ್ರಿಯೆಗಳನ್ನು ತಳ್ಳಿಹಾಕಿದನೆಂಬ ಮಾತು ಸರಿಯಲ್ಲ. ನಿಜವಾದ ನಂಬಿಕೆ ಜೀವಂತವಾದದ್ದು, ಒಳ್ಳೆಯದನ್ನು ಮಾಡದೆ ಇರಲಾರದು, ಬೆಂಕಿಯಿಂದ ಬಿಸಿಯನ್ನು ಬೇರ್ಪಡಿಸಲಾಗದಂತೆ ನಂಬಿಕೆಯಿಂದ ಕ್ರಿಯೆಯನ್ನು ಬೇರ್ಪಡಿಸಲಾಗದು ಎಂಬುದು ಅವನ ನಿಲುವು. ಇತ್ತ ಕ್ಯಾಥೊಲಿಕರು ಕ್ರಿಯೆಗಳಿಂದ ಸ್ವರ್ಗವನ್ನು ಗಳಿಸಬಹುದೆಂದು ಬೋಧಿಸುತ್ತಾರೆಂಬ ಮಾತೂ ಸರಿಯಲ್ಲ. 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆ ಹೊರಡಿಸಿದ ನಿರ್ಣಯದ ಮೊಟ್ಟಮೊದಲ ಬಹಿಷ್ಕಾರವಿಧಿಯೇ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಮನುಷ್ಯನು ತನ್ನ ಕ್ರಿಯೆಗಳಿಂದ ನೀತಿವಂತನಾಗಬಲ್ಲನೆನ್ನುವವರ ವಿರುದ್ಧವಾದದ್ದು.

ಹಾಗೆಂದು ಭೇದವೇ ಇಲ್ಲವೆಂದು ಹೇಳುವುದು ಸೌಜನ್ಯವಾದೀತೇ ಹೊರತು ಪಾಂಡಿತ್ಯವಾಗದು. ಪ್ರೀತಿಯಿಂದ ರೂಪಗೊಂಡ ನಂಬಿಕೆಯೇ ರಕ್ಷಿಸುವ ನಂಬಿಕೆ ಎಂದು ಮಧ್ಯಯುಗದ ಪಂಡಿತರು ಹೇಳಿದ್ದನ್ನು ಲೂಥರ್ ಕಟುವಾಗಿ ವಿರೋಧಿಸಿದ. ಪ್ರೀತಿಯನ್ನು ಷರತ್ತಾಗಿ ಮಾಡಿದರೆ ಅದೂ ಒಂದು ಕ್ರಿಯೆಯಾಗುತ್ತದೆ. ‘ನಾನು ಸಾಕಷ್ಟು ಪ್ರೀತಿಸಿದೆನೆ?’ ಎಂದು ಮನುಷ್ಯ ಸಾಯುವತನಕ ತನ್ನನ್ನೇ ತೂಗಿಕೊಳ್ಳುತ್ತ ಕೂರಬೇಕಾಗುತ್ತದೆ ಎಂಬುದು ಅವನ ಭಯ. ಟ್ರೆಂಟ್ ಸಭೆಯ ಭಯ ಬೇರೆ. ಸತ್ಕ್ರಿಯೆಗಳು ಪಡೆದ ನೀತಿಯ ಫಲ ಮತ್ತು ಚಿಹ್ನೆ ಮಾತ್ರವೆಂದೂ, ಆ ನೀತಿಯನ್ನು ಅವು ಬೆಳೆಸಲಾರವೆಂದೂ ಹೇಳುವವರನ್ನು ಅದು ಖಂಡಿಸಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಕ್ರಿಯೆಗಳು ಜ್ಞಾಪಕಹೇತು ಮಾತ್ರವೆಂದು ಲೂಥರನ ಪಕ್ಷ. ಕೃಪೆ ಮೊದಲು ದೊರೆತ ಮೇಲೆ ಅದರ ಬೆಳವಣಿಗೆಗೆ ಅವು ಕಾರಕವೂ ಆಗಬಲ್ಲವೆಂದು ಟ್ರೆಂಟಿನ ಪಕ್ಷ.

ಈ ಭೇದದ ಸಲುವಾಗಿ ಯೂರೋಪು ತೆತ್ತ ಬೆಲೆ ಅಪಾರ. ಆದುದರಿಂದಲೇ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ 1999ರ ಅಕ್ಟೋಬರ್ 31ರಂದು ನಡೆದ ಘಟನೆ ಮಹತ್ವದ್ದಾಗಿದೆ. ಅಂದು ಲೂಥರನ್ ವಿಶ್ವ ಒಕ್ಕೂಟವೂ ಕ್ಯಾಥೊಲಿಕ್ ಧರ್ಮಸಭೆಯೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದಲ್ಲದೆ ಕೃಪೆಯಿಂದಲೇ, ಕ್ರಿಸ್ತನಲ್ಲಿಟ್ಟ ನಂಬಿಕೆಯಲ್ಲಿ ದೇವರು ನಮ್ಮನ್ನು ಅಂಗೀಕರಿಸುತ್ತಾನೆ. ಹಾಗೆ ಅಂಗೀಕೃತರಾದವರ ಹೃದಯವನ್ನು ಹೊಸದುಮಾಡಿ ಸತ್ಕ್ರಿಯೆಗಳಿಗೆ ಕರೆಯುತ್ತಾನೆ ಎಂಬುದು ಅದರ ಸಾರ. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟವೂ ಇದನ್ನು ಅನುಮೋದಿಸಿದರು. ಉಳಿದ ಭೇದಗಳು ಇನ್ನು ಮುಂದೆ ಪರಸ್ಪರ ಖಂಡನೆಗೆ ಕಾರಣವಾಗಬೇಕಿಲ್ಲವೆಂದು ಘೋಷಣೆ ಒಪ್ಪಿಕೊಂಡಿತು. ಭೇದಗಳು ಕರಗಿಹೋದವೆಂದು ಅದು ಹೇಳಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ವಾದದ ಕೀಲು ಇರುವುದು ಪ್ರೀತಿಯಲ್ಲಿ. ನಂಬಿಕೆಯ ಪಕ್ಷಪಾತಿಯೆನಿಸಿದ ಪೌಲನೇ ಗಲಾತ್ಯದವರಿಗೆ ಬರೆಯುವಾಗ, ಬೆಲೆಯುಳ್ಳದ್ದು ಪ್ರೀತಿಯ ಮೂಲಕ ಕೆಲಸಮಾಡುವ ನಂಬಿಕೆಯೆಂದು ಮೂರನ್ನೂ ಒಂದೇ ವಾಕ್ಯದಲ್ಲಿ ಕೂಡಿಸುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ಬೆಟ್ಟವನ್ನು ಕದಲಿಸುವ ನಂಬಿಕೆಯಿದ್ದರೂ, ಇದ್ದುದನ್ನೆಲ್ಲ ದಾನಮಾಡಿದರೂ, ಪ್ರೀತಿಯಿಲ್ಲದಿದ್ದರೆ ಎಲ್ಲವೂ ಶೂನ್ಯವೆಂಬುದು ಅಲ್ಲಿನ ಅಭಿಪ್ರಾಯ. ಪ್ರೀತಿಯಿಲ್ಲದ ದಾನವೂ ಸಾಧ್ಯವೆಂದು ಇಲ್ಲಿ ಸೂಚಿತವಾಗಿರುವುದನ್ನು ಗಮನಿಸಬೇಕು. ಕೊಡುವ ಕೈ ಒಂದೇ ಆಗಿದ್ದರೂ ಕೊಡುವವನ ಕಣ್ಣು ಎಲ್ಲಿದೆ ಎಂಬುದರ ಮೇಲೆ ಕ್ರಿಯೆಯ ಜಾತಿ ನಿರ್ಣಯವಾಗುತ್ತದೆ. ಕಣ್ಣು ಸ್ವರ್ಗದ ಮೇಲಿದ್ದರೆ ಎದುರಿಗಿರುವ ಹಸಿದವನು ಏಣಿಯ ಮೆಟ್ಟಿಲಾಗುತ್ತಾನೆ. ಪ್ರೀತಿಯಾದರೋ ಅವನನ್ನು ಹಸಿದವನನ್ನಾಗಿಯೇ ಕಾಣುತ್ತದೆ.

ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಬರುವ ಅಂತಿಮ ತೀರ್ಪಿನ ಚಿತ್ರವನ್ನು ಕ್ರಿಯಾಪಕ್ಷದವರು ಯಾವಾಗಲೂ ಎತ್ತಿ ಹೇಳುತ್ತಾರೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ಸೆರೆಯಲ್ಲಿದ್ದವರ ಭೇಟಿ, ಇವೇ ಅಲ್ಲಿ ವಿಚಾರಣೆಗೆ ಬರುವ ವಿಷಯಗಳು. ಆದರೆ ಬಲಗಡೆಗೆ ನಿಂತವರ ಪ್ರತಿಕ್ರಿಯೆಯನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಅವರಿಗೆ ಆಶ್ಚರ್ಯವಾಗುತ್ತದೆ; ಯಾವಾಗ ನಿನಗೆ ಇದನ್ನೆಲ್ಲ ಮಾಡಿದೆವು ಎಂದು ಅವರೇ ಅರಸನನ್ನು ಕೇಳುತ್ತಾರೆ. ಅವರ ಬಳಿ ಲೆಕ್ಕದ ಪುಸ್ತಕವಿರಲಿಲ್ಲ. ಸತ್ಕ್ರಿಯೆ ನಿರ್ಣಾಯಕವೆಂದು ಸಾರುವ ಈ ಚಿತ್ರವೇ ಸತ್ಕ್ರಿಯೆಯನ್ನು ಬೆಲೆಯೆಂದು ಎಣಿಸಿದವರಿಗೆ ಅವಕಾಶ ಕೊಡುವುದಿಲ್ಲ.

ಇನ್ನು ಆರಂಭದ ಪ್ರಶ್ನೆಗೆ ಮರಳಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜರ್ಮನ್ ಮತ್ತು ಸ್ವಿಸ್ ಪ್ರಾಟೆಸ್ಟಂಟ್ ಭಕ್ತಿಪಂಥದ ಸಂತಾನ. ಕ್ರಿಯೆಗಳಿಂದ ಮುಕ್ತಿ ದೊರೆಯದೆಂಬುದು ಅದರ ಉಪದೇಶಿಗಳಿಗೆ ಬಾಲ್ಯದಿಂದ ಕಲಿತ ಪಾಠ. ಸುಮಾರು 70,000 ಪದಗಳ ನಿಘಂಟನ್ನು ಸಂಪಾದಿಸುವುದರಿಂದ ತನ್ನ ಆತ್ಮರಕ್ಷಣೆಯಾದೀತೆಂದು ಆ ಪರಂಪರೆಯ ವಿದ್ವಾಂಸನೊಬ್ಬ ಭಾವಿಸುವುದು ಅವನ ಸಿದ್ಧಾಂತಕ್ಕೇ ವಿರುದ್ಧ. ಆದ್ದರಿಂದ ‘ಪುಣ್ಯಕಾರ್ಯ’ವೆಂಬ ನಮ್ಮ ಹೊಗಳಿಕೆ ಸದುದ್ದೇಶದ್ದಾದರೂ ತಪ್ಪು ವಿಳಾಸಕ್ಕೆ ಹೋಗುವ ಪತ್ರ. ಜರ್ಮನಿಯಿಂದಲೇ ಬಂದ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಏರ್ಪಡಿಸಿದರು. ಅವರ ಕ್ಯಾಥೊಲಿಕ್ ದೃಷ್ಟಿಯಲ್ಲಿ ಇಂಥ ಕ್ರಿಯೆಗಳಿಗೆ ಹೆಚ್ಚಿನ ಗೌರವವಿದ್ದೀತು; ಆದರೆ ಅಲ್ಲಿಯೂ ಅವುಗಳ ಮೂಲ ಕೃಪೆಯೇ. ಸಿದ್ಧಾಂತದಲ್ಲಿ ಎದುರುಬದುರಾಗಿದ್ದ ಎರಡು ಪರಂಪರೆಗಳು ಒಂದೇ ಊರಿನಲ್ಲಿ ಒಂದೇ ಶತಮಾನದಲ್ಲಿ ಇಂಥ ಕೆಲಸಗಳನ್ನು ಮಾಡಿದವೆಂಬುದು ಯೋಚನೆಗೆ ಗ್ರಾಸ ಒದಗಿಸಬೇಕು.

ಎರೆಯೆಂಬ ಆಕ್ಷೇಪವನ್ನು ಇಷ್ಟರಿಂದಲೇ ತಳ್ಳಿಹಾಕುವಂತಿಲ್ಲ. ಸುವಾರ್ತೆಯ ಪ್ರಚಾರ ತಮ್ಮ ಉದ್ದೇಶವೆಂಬುದನ್ನು ಮಿಶನರಿಗಳು ಮುಚ್ಚಿಟ್ಟವರಲ್ಲ. ಮತಾಂತರಗೊಂಡು ಜಾತಿಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವುದು ನೇಯ್ಗೆ, ಹೆಂಚುಗಳ ಉದ್ಯಮದ ಒಂದು ಮುಖ್ಯ ಕಾರಣವಾಗಿತ್ತು. ಎಲ್ಲಿಯಾದರೂ ಯಾರಾದರೂ ಅನ್ನವನ್ನು ಮುಂದೊಡ್ಡಿ ಆತ್ಮವನ್ನು ಕೇಳಿದ್ದರೆ, ಅದು ಖಂಡನಾರ್ಹವೇ. ಹಾಗೆ ಖಂಡಿಸಲು ನಾವು ಹೊರಗಿನ ಅಳತೆಗೋಲನ್ನು ತರಬೇಕಾಗಿಲ್ಲ. ನೆರೆಯವನನ್ನು ಸಾಧನವಾಗಿ ಮಾಡಿಕೊಂಡ ಕ್ರಿಯೆ ಪ್ರೀತಿಯಲ್ಲ, ಪ್ರೀತಿಯಿಲ್ಲದ ಕ್ರಿಯೆ ಶೂನ್ಯವೆಂದು ಅವರ ಪೌಲನೇ ತೀರ್ಪು ಕೊಟ್ಟಿದ್ದಾನೆ. ಆದರೆ ಪ್ರತಿಯೊಂದು ಕ್ರಿಯೆಯನ್ನೂ ಪರಿಶೀಲಿಸದೆ ಎಲ್ಲವನ್ನೂ ಎರೆಯೆನ್ನುವುದು ಸಂಶೋಧನೆಯ ಮಾರ್ಗವಲ್ಲ. ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದದ್ದರಲ್ಲಿ ಪ್ರಚಾರದ ಉದ್ದೇಶಕ್ಕಿಂತ ಮಿಗಿಲಾದ ಒಂದು ಒಲವು ಮೋಗ್ಲಿಂಗರಲ್ಲಿ ಕೆಲಸ ಮಾಡಿರಬೇಕೆಂದು ನನಗೆ ತೋರುತ್ತದೆ.

ಕೊನೆಯದಾಗಿ, ಕ್ರೈಸ್ತೇತರರಾದ ಬಹುಪಾಲು ಕನ್ನಡ ಓದುಗರ ಮನಸ್ಸಿನಲ್ಲಿ ಮೂಡುವ ಪ್ರಶ್ನೆಯೊಂದಿದೆ. ನಂಬಿಕೆಯೇ ಬಾಗಿಲಾದರೆ, ಆ ಹೆಸರನ್ನೇ ಕೇಳದೆ ಹಸಿದವರಿಗೆ ಉಣಬಡಿಸಿ ಬಾಳಿದ ನಮ್ಮ ಹಿರಿಯರ ಗತಿಯೇನು? ಇದಕ್ಕೆ ಕ್ರೈಸ್ತಸಭೆಗಳು ಒಂದೇ ಉತ್ತರವನ್ನು ಕೊಟ್ಟಿಲ್ಲ. ತಮ್ಮದಲ್ಲದ ಕಾರಣದಿಂದ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸುತ್ತ ಅಂತಃಸಾಕ್ಷಿಯಂತೆ ನಡೆಯುವವರೂ ಕೃಪೆಯ ನೆರವಿನಿಂದ ರಕ್ಷಣೆ ಹೊಂದಬಲ್ಲರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಇದನ್ನು ಒಪ್ಪದ ಸಭೆಗಳೂ ಇವೆ. ಪ್ರಶ್ನೆಯನ್ನು ಬಗೆಹರಿಸುವ ಅಧಿಕಾರ ಸಾಹಿತ್ಯದ ಅಧ್ಯಾಪಕನಿಗಿಲ್ಲ. ಆದರೆ ತಾವು ಯಾರಿಗೆ ಉಣಬಡಿಸಿದೆವೆಂದು ತಿಳಿಯದೆ ಬೆರಗಾಗಿ ನಿಂತವರನ್ನು ಬಲಗಡೆಗೆ ಕರೆದ ಅರಸನ ಚಿತ್ರ ಆ ಗ್ರಂಥದಲ್ಲಿಯೇ ಇದೆಯೆಂಬುದನ್ನು ನೆನಪಿಸುವ ಅಧಿಕಾರವಂತೂ ಅವನಿಗಿದೆ.

ಕ್ರೈಸ್ತ ಸಾಹಿತ್ಯದ ಅಭ್ಯಾಸಿಗಳು ಇನ್ನು ಮುಂದೆ ‘ನಂಬಿಕೆ’, ‘ವಿಶ್ವಾಸ’, ‘ಕ್ರಿಯೆ’ ಎಂಬ ಪದಗಳನ್ನು ಕಂಡಾಗ ಅವುಗಳನ್ನು ನಮಗೆ ಪರಿಚಿತವಾದ ಪುಣ್ಯದ ಖಾತೆಗೆ ಜಮೆ ಮಾಡುವ ಮುನ್ನ ಕ್ಷಣಕಾಲ ನಿಲ್ಲಬೇಕು. ಅಲ್ಲಿರುವ ಹೇತು ಕಾರಕವೋ ಜ್ಞಾಪಕವೋ ಎಂದು ಕೇಳಿಕೊಳ್ಳಬೇಕು. ಪರಧರ್ಮದ ಪಠ್ಯಕ್ಕೆ ನಾವು ಸಲ್ಲಿಸಬಹುದಾದ ಕನಿಷ್ಠ ನ್ಯಾಯ ಇದು.